ಸ್ಥಳೀಯ ಮರಗಳಿಗೆ ನರ್ಸರಿ ಗಿಡವೋ, ಬೀಜವೋ?

ಹಿತ್ತಲಲ್ಲಿ ಕಕ್ಕೆ, ಹೊಂಗೆ, ಬೇವು ಬೆಳೆಸಬೇಕೆನ್ನುವವರು ನರ್ಸರಿಯಲ್ಲಿ ಆಳೆತ್ತರದ ಗಿಡಕ್ಕೇ ಕೈ ಹಾಕುತ್ತಾರೆ. ಎರಡೂ ಬಗೆ ಬೆಳೆಸಿ ನೋಡಿದ ಮೇಲೆ ನನ್ನ ಓಟು ಬೀಜಕ್ಕೆ.

ತಂಟೆ ಇರುವುದು ಬೇರಿನಲ್ಲಿ. ಕವರಿನಲ್ಲಿ ಬಹಳ ದಿನ ಉಳಿದ ಗಿಡದ ತಾಯಿಬೇರು ತಳ ಮುಟ್ಟಿ, ಮುಂದೆ ದಾರಿಯಿಲ್ಲದೆ ಒಳಗೇ ಸುತ್ತುತ್ತದೆ. ನೆಲಕ್ಕಿಟ್ಟರೂ ಆ ಸುತ್ತು ಬಿಚ್ಚಿಕೊಳ್ಳುವುದಿಲ್ಲ. ದಪ್ಪವಾಗುತ್ತಾ ಬುಡವನ್ನೇ ಬಿಗಿಯುತ್ತದೆ. ಮೊದಮೊದಲು ಗಿಡ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಬೆಳವಣಿಗೆ ನಿಂತು, ಜೋರು ಗಾಳಿಗೆ ಬುಡಸಮೇತ ವಾಲುತ್ತದೆ.

ಕೊಳ್ಳುವ ಮುಂಚೆ ಕವರ್ ಎತ್ತಿ ತಳ ನೋಡಿ. ತೂತಿನಿಂದ ಪೆನ್ಸಿಲ್ ದಪ್ಪದ ಬೇರು ಹೊರಬಂದಿದ್ದರೆ ಆ ಗಿಡ ಬೇಡ. ತಂದಾಗಿದ್ದರೆ ಕವರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಮಣ್ಣುಂಡೆಯ ತಳದಿಂದ 2–3 ಸೆಂ.ಮೀ. ಕತ್ತರಿಸಿ, ಪಕ್ಕದಲ್ಲಿ ಮೂರ್ನಾಲ್ಕು ಕಡೆ ಮೇಲಿಂದ ಕೆಳಕ್ಕೆ ಒಂದು ಸೆಂ.ಮೀ. ಆಳ ಗೀರಿ. ಸುತ್ತಿದ ಬೇರು ತುಂಡಾಗಿ ಹೊಸದು ಹೊರಮುಖವಾಗಿ ಹೊರಡುತ್ತದೆ. ಕಾಂಡಕ್ಕೇ ಅಂಟಿಕೊಂಡು ದಪ್ಪ ಬೇರು ಸುತ್ತಿದ್ದರೆ ಮಾತ್ರ ಈ ಉಪಾಯವೂ ನಡೆಯದು.

ಗುಂಡಿ ಉಂಡೆಯ ಎರಡರಷ್ಟು ಅಗಲವಿರಲಿ, ಆಳ ಉಂಡೆಯಷ್ಟೇ ಸಾಕು.

ಬೀಜಕ್ಕೂ ಅದರದೇ ರಗಳೆಯಿದೆ. ಕಕ್ಕೆ ಬೀಜದ ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ಕಾಯಿಗೆ ಅಂಟಿದ್ದ ತುದಿ ಬಿಟ್ಟು, ಎದುರು ತುದಿಯನ್ನು ಒಳಗಿನ ಬಿಳುಪು ಕಾಣುವವರೆಗೆ ಮರಳು ಕಾಗದಕ್ಕೆ ಉಜ್ಜಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದವನ್ನು ಮತ್ತೆ ಉಜ್ಜಿ. ಬೇವಿನದು ತದ್ವಿರುದ್ಧ: ತಿರುಳು ತೊಳೆದು ಎರಡು ವಾರದೊಳಗೆ ಬಿತ್ತಬೇಕು, ಡಬ್ಬಿಯಲ್ಲಿ ಇಟ್ಟುಕೊಂಡರೆ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಹೊಂಗೆಗೆ ಯಾವ ಉಪಚಾರವೂ ಬೇಡ.

ಮಳೆ ಹಿಡಿದ ಮೇಲೆ ಒಂದೊಂದು ಕಡೆ ಮೂರು ಬೀಜ, ಬೀಜದ ದಪ್ಪದ ಎರಡರಷ್ಟು ಆಳಕ್ಕೆ. ಮೊಳೆತ ಮೇಲೆ ಗಟ್ಟಿಯಾದ ಒಂದನ್ನುಳಿಸಿ ಮಿಕ್ಕವನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ. ಇಲಿ ಕಾಟವಿದ್ದರೆ ಮೇಲೆ ತಂತಿ ಬಲೆ.

ಜಾತಿ ಖಾತ್ರಿಯಲ್ಲೂ ಬೀಜವೇ ಮೇಲು, ತಾಯಿಮರವನ್ನು ಕಣ್ಣಾರೆ ನೋಡಿಯೇ ಆರಿಸಿರುತ್ತೀರಿ. ನರ್ಸರಿಯಲ್ಲಿ ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಕೂಡ ‘ನಮ್ಮದೇ ಮರ’ ಆಗಿಬಿಡುತ್ತದೆ!

ನೆರಳು ಬೇಗ ಬೇಕು, ಬೇಸಿಗೆಯಲ್ಲಿ ವಾರಕ್ಕೆರಡು ಸಲ ನೀರು ಹಾಕಲು ತೊಂದರೆಯಿಲ್ಲ, ದುಡ್ಡೂ ಇದೆ ಎನ್ನುವವರು ನರ್ಸರಿಗೇ ಹೋಗಲಿ. ಆದರೆ ಆಳೆತ್ತರದ್ದು ಬೇಡ, ಗೇಣುದ್ದದ ಎಳೆ ಸಸಿ ಕೇಳಿ ತನ್ನಿ.