30ಕ್ಕೆ 25 ಬಂತು, ಆದರೂ ಮಾತ್ರೆ ತಪ್ಪುತ್ತಿತ್ತು

ಅಪ್ಪನ ಮರೆವಿನ ಪರೀಕ್ಷೆಗೆ ಎರಡು ಕಡೆ ಹೋಗಿದ್ದೆವು. ಎರಡರ ಬಗ್ಗೆಯೂ ಬರೆಯುತ್ತಿದ್ದೇನೆ.

ಮೊದಲ ಕ್ಲಿನಿಕ್‌ನಲ್ಲಿ ಎಂಎಂಎಸ್‌ಇ ಮಾಡಿದರು. 1975ರಿಂದ ಬಳಕೆಯಲ್ಲಿರುವ, 30 ಅಂಕದ ಚಿಕ್ಕ ಪರೀಕ್ಷೆ. ಇವತ್ತು ಯಾವ ತಾರೀಖು, ಈ ಮೂರು ಪದ ನೆನಪಿಟ್ಟುಕೊಳ್ಳಿ, 100ರಿಂದ ಏಳೇಳು ಕಳೆಯುತ್ತಾ ಹೋಗಿ, ಹೀಗೆ. ಅಪ್ಪ ಜೀವನವಿಡೀ ಲೆಕ್ಕ ಬರೆದವರು. 93, 86, 79, 72, 65 ಅಂತ ಪಟಪಟ ಹೇಳಿಬಿಟ್ಟರು. 25 ಬಂತು. ‘24ರ ಮೇಲಿದೆ, ಏನೂ ತೊಂದರೆ ಇಲ್ಲ’ ಎಂದು ಕಳಿಸಿದರು. ಮನೆಯಲ್ಲಿ ಹೇಗಿದ್ದಾರೆ ಅಂತ ಒಂದು ಮಾತೂ ಕೇಳಲಿಲ್ಲ. ಅದೇ ವಾರ ಅಪ್ಪ ಬಿಪಿ ಮಾತ್ರೆಯನ್ನು ಒಂದೇ ಬೆಳಿಗ್ಗೆ ಎರಡು ಸಲ ನುಂಗಿದ್ದರು.

ಎರಡನೆಯ ಕಡೆ ಪರೀಕ್ಷೆ ಮಾಡಿದವರು ಮೊದಲು ಅಪ್ಪನ ಕನ್ನಡಕ ಹಾಕಿಸಿದರು. ಮಾತು ಸರಿಯಾಗಿ ಕೇಳಿಸ್ತಿದೆಯಾ ಅಂತ ನೋಡಿದರು. ಆಮೇಲೆ ಮೋಕಾ, ನೆನಪು, ಯೋಚನೆ ಎಲ್ಲ ನೋಡುವ ಇನ್ನೊಂದು ಚಿಕ್ಕ ಪರೀಕ್ಷೆ. ಅದರಲ್ಲಿ ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು. ಅಪ್ಪ ಹನ್ನೆರಡೂ ಅಂಕಿಗಳನ್ನು ಚೆಂದವಾಗಿ ಬರೆದರು. ಒಂದು ಮುಳ್ಳು 11ಕ್ಕೆ ಇಟ್ಟರು. ಇನ್ನೊಂದನ್ನು 10ಕ್ಕೇ ಇಟ್ಟರು.

ಪರೀಕ್ಷೆ ಮಾಡಿದವರು ನನಗೆ ಬಿಡಿಸಿ ಹೇಳಿದರು. ಹತ್ತು ನಿಮಿಷಕ್ಕೆ ಮುಳ್ಳು 2ರ ಮೇಲೆ ಇರಬೇಕು. ಆದರೆ ‘ಹತ್ತು’ ಅಂತ ಕೇಳಿದ ಕೂಡಲೇ ಕೈ 10ರ ಕಡೆ ಹೋಗುತ್ತದೆ. ಅದನ್ನು ತಡೆದು ಯೋಚಿಸೋದು ಅಪ್ಪನಿಗೆ ಕಷ್ಟವಾಗುತ್ತಿದೆ. ಮಾತ್ರೆ, ದುಡ್ಡು, ಅಡುಗೆ ಇಂಥ ನಾಲ್ಕಾರು ಹಂತದ ಕೆಲಸಕ್ಕೆ ಬೇಕಾಗೋದೂ ಅದೇ. ಎಷ್ಟೋ ತಿಂಗಳಿಂದ ಅರ್ಥವಾಗದೆ ಅಪ್ಪನ ಮೇಲೆ ರೇಗುತ್ತಿದ್ದೆ. ಆ ಚಿತ್ರ ನೋಡಿ ಕಣ್ಣು ತುಂಬಿ ಬಂತು.

ನಂತರ ಮನೆಯವರು ತುಂಬುವ ಒಂದು ಫಾರಂ. ಬಿಲ್ ಕಟ್ಟುವುದು, ಒಲೆ ಆರಿಸುವುದು, ಒಬ್ಬರೇ ಹೊರಗೆ ಹೋಗಿಬರುವುದು, ಹೀಗೆ ಹತ್ತು ವಿಷಯ. ಪ್ರತಿಯೊಂದಕ್ಕೂ 0ಯಿಂದ 3. ಇಲ್ಲಿ ಅಂಕ ಜಾಸ್ತಿ ಬಂದಷ್ಟೂ ತೊಂದರೆ ಜಾಸ್ತಿ, ಗಮನವಿಟ್ಟು ತುಂಬಿ. ನನ್ನ ಲೆಕ್ಕದಲ್ಲಿ 14 ಬಂತು, ತಮ್ಮನ ಲೆಕ್ಕದಲ್ಲಿ 6. ಅವನು ಬೇರೆ ಊರಲ್ಲಿದ್ದಾನೆ, ಅಪ್ಪನ ಜೊತೆ ಫೋನಲ್ಲೇ ಮಾತು. ಯಾರದು ಸರಿ ಅಂತ ಅವರು ಕೇಳಲಿಲ್ಲ. ಪ್ರತಿ ಉತ್ತರಕ್ಕೂ ಇತ್ತೀಚೆಗೆ ನಡೆದ ಒಂದು ಘಟನೆ ಹೇಳಿ ಅಂದರು. ತಮ್ಮನಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ನೀವು ಹೋಗೋದಾದರೆ ಅಂಥ ಘಟನೆಗಳನ್ನು ಮೊದಲೇ ಬರೆದುಕೊಂಡು ಹೋಗಿ.

ಒಂದು ವಿಷಯ ಮಾತ್ರ ತುಂಬಾ ನೋಯಿಸಿತು. ಇದನ್ನೆಲ್ಲ ಅಪ್ಪನ ಎದುರಿಗೇ ಕೇಳಿದರು. ‘ನಾನು ಅಷ್ಟೊಂದು ಕೆಟ್ಟುಹೋಗಿದ್ದೀನೇನಮ್ಮಾ?’ ಅಂದರು ಅಪ್ಪ, ತಲೆ ತಗ್ಗಿಸಿಕೊಂಡು. ಮನೆಯವರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಕೇಳಬೇಕಿತ್ತು, ಅಲ್ವಾ?

ಇನ್ನೊಂದು ಕೊರತೆಯೂ ಇದೆ. ಕೈಗೆ ಮಾತ್ರೆ ಡಬ್ಬಿ, ಚಿಲ್ಲರೆ ದುಡ್ಡು ಕೊಟ್ಟು ಕೆಲಸ ಮಾಡಿಸಿ ನೋಡುವ ಪರೀಕ್ಷೆಗಳೂ ಇವೆ. ಅವು ಅಲ್ಲಿರಲಿಲ್ಲ. ಮನೆಗೆ ಬಂದು ನಾನೇ ಏಳು ಖಾನೆಯ ಡಬ್ಬಿ ಮುಂದಿಟ್ಟೆ. ಸುಮ್ನೆ ಬಿಟ್ಟರೆ ಅಪ್ಪನಿಗೆ ಗೊಂದಲ. ನಾನು ‘ಸೋಮವಾರ’ ಅಂದರೆ ಆ ಖಾನೆಗೆ ಸರಿಯಾಗಿ ಹಾಕುತ್ತಾರೆ. ಈಗ ಪ್ರತಿ ಭಾನುವಾರ ಸಂಜೆ ನಾನು ವಾರದ ಹೆಸರು ಹೇಳುತ್ತೇನೆ, ಡಬ್ಬಿ ಅಪ್ಪನೇ ತುಂಬುತ್ತಾರೆ.