ಸೃಷ್ಟಿ ಕಥೆಗಳ ಆನ್‌ಲೈನ್ ಕೋರ್ಸ್: ಐದಕ್ಕೆ ಮೂರೂವರೆ, ಆ ಕ್ವಿಜ್ ಇಲ್ಲದಿದ್ದರೆ ನಾಲ್ಕು

ಮೊದಲೇ ಹೇಳಿಬಿಡುತ್ತೇನೆ, ನಾನು ಈ ಕೋರ್ಸಿಗೆ ಸೇರಿದ್ದು ಭಕ್ತಿಯಿಂದಲೂ ಅಲ್ಲ, ಯಾರ ಜೊತೆಗೋ ಜಗಳ ಆಡುವುದಕ್ಕೂ ಅಲ್ಲ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಒಂದೇ ಸಲಕ್ಕೆ ಕೂತು ಓದಿದ್ದೆ, ಓದಿ ತಲೆ ಕೆರೆದುಕೊಂಡಿದ್ದೆ. ಒಂದರಲ್ಲಿ ಗಿಡಮರ, ಮೀನು, ಹಕ್ಕಿ, ಪ್ರಾಣಿ ಎಲ್ಲ ಆದಮೇಲೆ ಕೊನೆಗೆ ಮನುಷ್ಯ ಬರುತ್ತಾನೆ. ಪುಟ ತಿರುಗಿಸಿದರೆ ಮನುಷ್ಯ ಮೊದಲು, ತೋಟ ಆಮೇಲೆ, ಪ್ರಾಣಿಗಳು ಇನ್ನೂ ಆಮೇಲೆ. ಇದರ ಬಗ್ಗೆ ಯಾರನ್ನು ಕೇಳಿದರೂ ಎರಡೇ ಥರದ ಉತ್ತರ. "ಅದೆಲ್ಲ ಕಟ್ಟುಕಥೆ, ಬಿಡಿ." ಇಲ್ಲವೇ, "ವಿರೋಧ ಎಲ್ಲಿದೆ, ನಿಮಗೇ ಅರ್ಥವಾಗಿಲ್ಲ." ಎರಡನ್ನೂ ಕೇಳಿ ಸಾಕಾಗಿ ಈ ಎಂಟು ಪಾಠಗಳ ವಿಡಿಯೋ ಕೋರ್ಸಿಗೆ ದುಡ್ಡು ಕಟ್ಟಿದೆ. ಕೋರ್ಸಿನ ಹೆಸರು ಹಾಕುವುದಿಲ್ಲ. ಇಂಥದೇ ಇನ್ನೆರಡು ಕೋರ್ಸುಗಳ ಮಾದರಿ ಪಾಠ ನೋಡಿದ್ದೇನೆ, ನನ್ನ ದೂರು ಅವಕ್ಕೂ ಅಷ್ಟೇ ಸಲ್ಲುತ್ತದೆ.

ಮೊದಲ ಪಾಠ ಬಿಟ್ಟುಬಿಡಿ. ಪಾಠ ಹೇಳುವವರ ಪರಿಚಯ, ಕೋರ್ಸಿನ ಪರಿಚಯ, ಜೊತೆಗೆ ಬೇಡದ ಸಂಗೀತ.

ಎರಡನೆಯದು ಚಿನ್ನ. ಇಲ್ಲಿ ಪಾಠ ಅನ್ನುವುದೇ ಇಲ್ಲ. ಎರಡೂ ಕಥೆಗಳನ್ನು ಅಕ್ಕಪಕ್ಕ ಅಚ್ಚು ಹಾಕಿ ಕೊಡುತ್ತಾರೆ, ಪೆನ್ಸಿಲ್ ಹಿಡಿದು ನೀವೇ ಗುರುತು ಮಾಡಿ ಅನ್ನುತ್ತಾರೆ, ಅಷ್ಟೇ. ನನಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ಪ್ರಾಣಿ ಮೊದಲೋ ಮನುಷ್ಯ ಮೊದಲೋ ಎನ್ನುವುದು ಎಲ್ಲರಿಗೂ ಕಾಣುತ್ತದೆ. ಉಳಿದವು ಕಂಡಿದ್ದು ಪೆನ್ಸಿಲ್ ಹಿಡಿದ ಮೇಲೇ. ಮೊದಲ ಕಥೆ ಶುರುವಾಗುವಾಗ ಎಲ್ಲೆಲ್ಲೂ ನೀರು, ಅದನ್ನು ಸರಿಸಿ ಒಣನೆಲ ತೋರಿಸುವುದೇ ಕೆಲಸ. ಎರಡನೆಯದು ಶುರುವಾಗುವಾಗ ನೆಲವೆಲ್ಲ ಒಣಗಿದೆ, ಮಳೆಯೇ ಬಂದಿಲ್ಲ, ಉಳುವವನೂ ಇಲ್ಲ. ಒಂದಕ್ಕೆ ನೀರು ಜಾಸ್ತಿಯಾದ ಕಷ್ಟ, ಇನ್ನೊಂದಕ್ಕೆ ನೀರಿಲ್ಲದ ಕಷ್ಟ! ಮೊದಲನೆಯದರಲ್ಲಿ ದೇವರು ಮಾತಾಡುತ್ತಾನೆ, ಆಗುತ್ತದೆ. ಎರಡನೆಯದರಲ್ಲಿ ನೆಲದ ಮಣ್ಣು ತೆಗೆದು ಕೈಯಾರೆ ರೂಪ ಕೊಡುತ್ತಾನೆ, ಮೂಗಿನಲ್ಲಿ ಉಸಿರು ಊದುತ್ತಾನೆ. ಮೊದಲನೆಯದರಲ್ಲಿ ಗಂಡು ಹೆಣ್ಣು ಒಟ್ಟಿಗೇ ಆಗುತ್ತಾರೆ, ಎರಡನೆಯದರಲ್ಲಿ ಅವನು ಒಂಟಿಯಾಗಿ ಸ್ವಲ್ಪ ಕಾಲ ಕಳೆದ ಮೇಲೆ ಅವಳು. ಹೆಸರೂ ಬದಲು. ಅಲ್ಲಿ ಬರೀ 'ದೇವರು', ಇಲ್ಲಿ 'ಯೆಹೋವದೇವರು'. ಇದನ್ನು ಎಷ್ಟು ಸಲ ಓದಿದ್ದೆನೋ, ಒಮ್ಮೆಯೂ ಗಮನಿಸಿರಲಿಲ್ಲ.

ಇನ್ನೊಂದು ಸಣ್ಣ ಸಂಗತಿ ಇದೇ ಪಾಠದಿಂದ. ಮೊದಲ ಕಥೆ ಮುಗಿಯುವುದು ಒಂದನೇ ಅಧ್ಯಾಯದ ಕೊನೆಗೆ ಅಲ್ಲ. ಏಳನೇ ದಿನದ ವಿಶ್ರಾಂತಿ ಎರಡನೇ ಅಧ್ಯಾಯದ ಮೊದಲ ಮೂರು ವಚನಗಳಲ್ಲಿದೆ. ಈಗ ನಾವು ಬಳಸುವ ಅಧ್ಯಾಯಗಳ ವಿಂಗಡಣೆ ಮೂಲದ್ದಲ್ಲ, 13ನೇ ಶತಮಾನದ ಆರಂಭದ ಇಂಗ್ಲೆಂಡಿನ ಧರ್ಮಗುರು ಸ್ಟೀಫನ್ ಲ್ಯಾಂಗ್ಟನ್ ಅವರದು ಎನ್ನುತ್ತಾರೆ. ಧಾರಾವಾಹಿಯ ಕಂತನ್ನು ಕೊನೆಯ ದೃಶ್ಯಕ್ಕೆ ಮೊದಲೇ ಕತ್ತರಿಸಿದ ಹಾಗಾಗಿದೆ. ಎರಡು ಕಥೆಗಳ ನಡುವಿನ ಹೊಲಿಗೆ ನಮ್ಮ ಕಣ್ಣಿಗೆ ಬೀಳದಿರಲು ಇದೂ ಒಂದು ಕಾರಣ ಅನ್ನಿಸುತ್ತದೆ.

ಮೂರನೇ ಪಾಠ ಇಡೀ ಒಂದು ಕ್ರಿಯಾಪದದ ಮೇಲೆ. ನಿದ್ದೆ ಬರುತ್ತದೆ ಅಂದುಕೊಂಡೆ, ಬರಲಿಲ್ಲ. ಎರಡನೇ ಅಧ್ಯಾಯದ 19ನೇ ವಚನದಲ್ಲಿ ದೇವರು ಪ್ರಾಣಿಗಳನ್ನು ಮಣ್ಣಿನಿಂದ ರೂಪಿಸಿದ ವಿಷಯ ಬರುತ್ತದೆ. ನಾವು ಕನ್ನಡಿಗರು ಈ ಜಗಳವನ್ನು ಒಂದೇ ಅಕ್ಷರದಲ್ಲಿ ಹಿಡಿಯಬಹುದು. 'ರೂಪಿಸಿದನು' ಅಂದರೆ ಮನುಷ್ಯ ಆದಮೇಲೆ ಪ್ರಾಣಿಗಳು ಆದವು, ಅಂದರೆ ಮೊದಲ ಅಧ್ಯಾಯಕ್ಕೆ ವಿರುದ್ಧ. 'ರೂಪಿಸಿದ್ದನು' ಅಂದರೆ ಮೊದಲೇ ಮಾಡಿಟ್ಟಿದ್ದ ಪ್ರಾಣಿಗಳನ್ನು ಈಗ ಕರೆತಂದ, ವಿರೋಧ ಮಾಯ. ಒಂದು ದಕಾರದ ಒತ್ತಿನ ಮೇಲೆ ಇಷ್ಟೆಲ್ಲ ನಿಂತಿದೆ! ಹೀಬ್ರೂವಿನಲ್ಲಿ ನಮ್ಮ 'ಇದ್ದನು' ಥರದ ಬೇರೆ ರೂಪ ಇಲ್ಲ. ಅಲ್ಲಿರುವ ರೂಪ ಸಾಮಾನ್ಯವಾಗಿ ಕಥೆಯನ್ನು ಮುಂದಕ್ಕೆ ತಳ್ಳುವಂಥದು, 'ಆಮೇಲೆ ಹೀಗೆ ಮಾಡಿದನು' ಎಂಬಂತೆ. ಇಂಗ್ಲಿಷಿಗೆ ಬಂದರೆ, 1611ರ ಕಿಂಗ್ ಜೇಮ್ಸ್ ಅನುವಾದದಲ್ಲಿ ಒತ್ತಿಲ್ಲ, ಅಂದರೆ 'ರೂಪಿಸಿದನು' ಎಂಬ ಅರ್ಥ. ಇತ್ತೀಚಿನ ನ್ಯೂ ಇಂಟರ್‌ನ್ಯಾಷನಲ್ ಅನುವಾದದಲ್ಲಿ ಒತ್ತಿದೆ.

ಇಲ್ಲಿ ಪಾಠ ಹೇಳುವವರು ಪ್ರಾಮಾಣಿಕರು. ಒತ್ತು ಹಾಕಿ ಓದಲು ವ್ಯಾಕರಣ ಪೂರ್ತಿ ಬಾಗಿಲು ಮುಚ್ಚಿಲ್ಲ ಅನ್ನುತ್ತಾರೆ. ಆದರೆ ಹಿಂದಿನ ವಚನ ನೋಡಿ ಅನ್ನುತ್ತಾರೆ. ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲ, ಅವನಿಗೆ ತಕ್ಕ ಜೊತೆ ಮಾಡುತ್ತೇನೆ ಎಂದು ದೇವರು ಹೇಳಿದ ಕೂಡಲೇ ಪ್ರಾಣಿಗಳು ಬರುತ್ತವೆ. ಮನುಷ್ಯ ಒಂದೊಂದಕ್ಕೂ ಹೆಸರಿಡುತ್ತಾನೆ, ಯಾವುದೂ ಜೊತೆಗೆ ಒಗ್ಗುವುದಿಲ್ಲ, ಕೊನೆಗೆ ಹೆಣ್ಣು. ಒತ್ತು ಹಾಕಿದರೆ ಲೆಕ್ಕ ಸರಿಹೋಗುತ್ತದೆ, ಕಥೆ ಸಪ್ಪೆಯಾಗುತ್ತದೆ. ನಾನೂ ಒತ್ತಿಲ್ಲದ ಕಡೆಗೇ.

ನಾಲ್ಕನೆಯದು ಸೂರ್ಯನಿಲ್ಲದ ಬೆಳಕಿನ ಬಗ್ಗೆ. ಬೆಳಕು ಮೊದಲ ದಿನ, ಸೂರ್ಯ ನಾಲ್ಕನೇ ದಿನ, ಹಾಗಾದರೆ ಮೊದಲ ಮೂರು ದಿನದ ಸಂಜೆ ಬೆಳಗು ಯಾವ ಲೆಕ್ಕದ್ದು? ಇದು ವಿಜ್ಞಾನ ಓದಿದ ಈಗಿನವರ ಪ್ರಶ್ನೆ ಅಂತ ನಾನು ಅಂದುಕೊಂಡಿದ್ದೆ. 3ನೇ ಶತಮಾನದ ಒರಿಜೆನ್, ಅದೂ ಕ್ರೈಸ್ತ ವಿದ್ವಾಂಸ, ಬುದ್ಧಿಯಿರುವ ಯಾರು ತಾನೇ ಇದನ್ನು ಅಕ್ಷರಶಃ ನಂಬುತ್ತಾರೆ ಎಂದು ಆಗಲೇ ಕೇಳಿಬಿಟ್ಟಿದ್ದ. ಆಮೇಲಿನ ಕ್ರೈಸ್ತ ಗುರು ಅಗಸ್ಟೀನ್ ಆದಿಕಾಂಡದ ಮೇಲೆ ಮತ್ತೆ ಮತ್ತೆ ಬರೆದ. ಅವುಗಳಲ್ಲಿ ದೊಡ್ಡದು 12 ಭಾಗಗಳದ್ದು, ಅದರಲ್ಲಿ ಎಲ್ಲವೂ ಒಂದೇ ಕ್ಷಣಕ್ಕೆ ಆಯಿತು, ದಿನಗಳು ಗಡಿಯಾರದ ದಿನಗಳಲ್ಲ ಎಂಬ ಕಡೆಗೆ ವಾಲಿದ. ಇದಾದ ಮೇಲೆ ಒಂದು ಚೆಂದದ ಚಿತ್ರ ತೋರಿಸುತ್ತಾರೆ. ಮೊದಲ ಮೂರು ದಿನ ಜಾಗ ಸಿದ್ಧವಾಗುತ್ತದೆ, ಮುಂದಿನ ಮೂರು ದಿನ ಅದೇ ಸಾಲಿನಲ್ಲಿ ತುಂಬುತ್ತದೆ. ಬೆಳಕಿಗೆ ಸೂರ್ಯ ಚಂದ್ರ, ನೀರು ಆಕಾಶಕ್ಕೆ ಮೀನು ಹಕ್ಕಿ, ನೆಲಕ್ಕೆ ಪ್ರಾಣಿ ಮತ್ತು ಮನುಷ್ಯ. ಕ್ಯಾಲೆಂಡರ್ ಅಂತ ಓದಿದರೆ ತೊಡಕು, ರಂಗೋಲಿಯ ಚುಕ್ಕಿಗಳ ಥರ ನೋಡಿದರೆ ಎಲ್ಲ ತನ್ನ ಜಾಗದಲ್ಲಿದೆ.

ಇಲ್ಲಿಂದ ನನ್ನ ದೂರು ಶುರು. ಯಹೂದಿ ವ್ಯಾಖ್ಯಾನಗಳನ್ನು ವಿಡಿಯೋದಲ್ಲಿ ಎತ್ತುವುದೇ ಇಲ್ಲ, 'ಹೆಚ್ಚಿನ ಓದು' ಎಂಬ ಪಿಡಿಎಫ್‌ನಲ್ಲಿ ತುರುಕಿದ್ದಾರೆ. ಅರೆ, ಆ ಪುಸ್ತಕ ಅವರದೇ ಅಲ್ವಾ! ಆ ಪಿಡಿಎಫ್‌ನಲ್ಲೇ ಇಡೀ ಕೋರ್ಸಿನ ಅತಿ ಸ್ವಾರಸ್ಯದ ಮಾತು ಇದೆ. ಮೊದಲ ಮನುಷ್ಯ ಎರಡು ಮುಖದವನಾಗಿದ್ದ, ಬೆನ್ನಿಗೆ ಬೆನ್ನು ಅಂಟಿದ್ದ ಗಂಡು ಹೆಣ್ಣು, ಅದನ್ನು ದೇವರು ಸೀಳಿ ಎರಡು ಮಾಡಿದ ಎಂದು ಬೆರೆಶೀತ್ ರಬ್ಬಾ ಎಂಬ ಹಳೆಯ ಸಂಕಲನದಲ್ಲಿದೆ. ನಾವು 'ಪಕ್ಕೆಲುಬು' ಎಂದು ಓದುವ ಹೀಬ್ರೂ ಪದಕ್ಕೆ 'ಪಕ್ಕ' ಎಂಬ ಅರ್ಥವೂ ಇದೆ, ಬೈಬಲಿನಲ್ಲಿ ಬರುವ ದೇವಗುಡಾರದ, ಅಂದರೆ ಗುಡಾರದ ರೂಪದ ದೇವಾಲಯದ, ಪಕ್ಕಗಳಿಗೂ ಅದೇ ಪದ. ಒಂದೇ ಏಟಿಗೆ 'ಒಟ್ಟಿಗೇ ಆದರು' ಮತ್ತು 'ಆಮೇಲೆ ಆದಳು' ಎರಡೂ ಸರಿ. ನಂಬುವುದು ಬಿಡುವುದು ಬೇರೆ, ಆ ಜಾಣತನಕ್ಕೆ ಸಲಾಂ. 11ನೇ ಶತಮಾನದ ರಾಶಿ ಎಂಬ ಯಹೂದಿ ವ್ಯಾಖ್ಯಾನಕಾರನ ದಾರಿ ಇನ್ನೊಂದು. ಮೊದಲು ಒಟ್ಟಾರೆ ಮಾತು, ಆಮೇಲೆ ಅದರ ವಿವರ, ಎರಡೂ ಬೇರೆ ಘಟನೆಗಳಲ್ಲ.

ಐದನೇ ಪಾಠ ಬೇಸರ ತರಿಸಿತು. ಒಬ್ಬೊಬ್ಬರ ಹೆಸರು, ಇಸವಿ, ಪುಸ್ತಕ, ಪರೀಕ್ಷೆಗೆ ಉರು ಹೊಡೆಸುವ ಕೋಷ್ಟಕ. ದೇವರ ಹೆಸರು ಬದಲಾಗುವುದನ್ನು ಹಿಡಿದು ಎರಡು ಮೂಲಗಳಿರಬೇಕು ಎಂದು 1753ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಜಾನ್ ಆಸ್ಟ್ರುಕ್ ವೃತ್ತಿಯಲ್ಲಿ ವೈದ್ಯ. ಆದಿಕಾಂಡ ಪ್ರವಾದಿ ಮೋಶೆಯದೇ ಎಂಬ ನಂಬಿಕೆಯನ್ನು ಉಳಿಸುವುದು ಆತನ ಉದ್ದೇಶವಾಗಿತ್ತು, ಮೋಶೆ ಹಳೆಯ ಬರಹಗಳನ್ನು ಜೋಡಿಸಿದ ಎಂಬುದು ಅವನ ವಾದ. ಅದೇ ಎಳೆ ಹಿಡಿದು 19ನೇ ಶತಮಾನದಲ್ಲಿ ಜರ್ಮನ್ ವಿದ್ವಾಂಸ ವೆಲ್‌ಹೌಸೆನ್ ಮತ್ತಿತರರು ಇದು ಮೋಶೆಯದೇ ಅಲ್ಲ ಎಂಬ ಕಡೆಗೆ ಹೋದರು. ಉಳಿಸಲು ಕಟ್ಟಿದ ಕಟ್ಟೆಯೇ ಒಡೆಯಲು ದಾರಿಯಾದ ಕಥೆ ಇದು, ಕೋರ್ಸಿನಲ್ಲಿ ಅರ್ಧ ನಿಮಿಷ ಕೂಡ ಸಿಗುವುದಿಲ್ಲ. ಇನ್ನೊಂದು ಪ್ರಶ್ನೆಯನ್ನಂತೂ ಅವರು ಕೇಳುವುದೇ ಇಲ್ಲ. ಎರಡು ಕಥೆಗಳನ್ನು ಜೋಡಿಸಿದವರು ಯಾರೇ ಇರಲಿ, ನನಗೆ ಒಂದು ಸಂಜೆಯಲ್ಲಿ ಕಂಡದ್ದು ಅವರಿಗೆ ಕಾಣಲಿಲ್ಲವೇ? ಕಂಡೂ ಹಾಗೇ ಬಿಟ್ಟರು ಅಂತಲೇ ನನಗೆ ಅನ್ನಿಸುತ್ತದೆ. ಏಕೆ ಬಿಟ್ಟರು ಎನ್ನುವುದಕ್ಕೇ ಒಂದು ಪಾಠ ಬೇಕಿತ್ತು.

ಆರನೆಯದು ಕುರ್‌ಆನ್‌ನ ದಿನಗಳ ಲೆಕ್ಕ, ಚಿಕ್ಕದಾದರೂ ಚೊಕ್ಕ. ಹಲವು ಕಡೆ ಆರು ದಿನ ಎಂದಿದೆ. 41ನೇ ಅಧ್ಯಾಯದಲ್ಲಿ ಭೂಮಿಗೆ ಎರಡು, ಬೆಟ್ಟ ಮತ್ತು ಆಹಾರಕ್ಕೆ ನಾಲ್ಕು, ಆಕಾಶಗಳಿಗೆ ಎರಡು, ಕೂಡಿದರೆ ಎಂಟು. ವ್ಯಾಖ್ಯಾನಕಾರರ ಉತ್ತರ, ಆ ನಾಲ್ಕರಲ್ಲಿ ಮೊದಲ ಎರಡೂ ಸೇರಿವೆ. "ಎರಡು ದಿನದಲ್ಲಿ ಗೋಡೆ ಎದ್ದಿತು, ನಾಲ್ಕು ದಿನದಲ್ಲಿ ಚಾವಣಿಯೂ ಆಯಿತು" ಅಂದರೆ ನಾವು ಯಾರೂ ಆರು ಅಂತ ಕೂಡಿಸುವುದಿಲ್ಲ, ಹಾಗೆ. ಭೂಮಿ ಮೊದಲೋ ಆಕಾಶ ಮೊದಲೋ ಎಂಬುದು ಇನ್ನೊಂದು ತೊಡಕು, ಏಕೆಂದರೆ 79ನೇ ಅಧ್ಯಾಯದಲ್ಲಿ ಆಕಾಶ ಆದಮೇಲೆ ಭೂಮಿಯನ್ನು ಹರಡಿದ ಮಾತಿದೆ. ಪ್ರವಾದಿಯ ಒಡನಾಡಿ ಇಬ್ನ್ ಅಬ್ಬಾಸ್ ಹೇಳಿದ್ದೆಂದು ಬಂದಿರುವ ವಿವರಣೆಯಲ್ಲಿ ಮೊದಲು ಭೂಮಿ, ನಂತರ ಆಕಾಶ, ಆಮೇಲೆ ಭೂಮಿಯನ್ನು ಹರಡಿದ್ದು. ಸೃಷ್ಟಿಸುವುದು ಬೇರೆ, ಹರಡುವುದು ಬೇರೆ. 41ನೇ ಅಧ್ಯಾಯದಲ್ಲಿ ಭೂಮಿಯ ಮಾತಿನಿಂದ ಆಕಾಶದ ಮಾತಿಗೆ ಹೋಗುವಾಗ ಬರುವ 'ಸುಮ್ಮ' ಎಂಬ ಅರಬ್ಬಿ ಪದ 'ಆಮೇಲೆ' ಅಲ್ಲದೆ 'ಅದರ ಮೇಲೆ ಇನ್ನೂ' ಎಂಬ ಅರ್ಥಕ್ಕೂ ಹೋಗುತ್ತದೆ ಎಂದು ಕೆಲವರು. ನಮ್ಮ 'ಮತ್ತೆ' ಕೂಡ ಹಾಗೇ ಅಲ್ವಾ?

ಏಳನೆಯದರ ಮೇಲೆ ನನಗೆ ನಿಜಕ್ಕೂ ಸಿಟ್ಟು. ವೇದ ಉಪನಿಷತ್ತು ಎಲ್ಲ ಸೇರಿಸಿ ಅರ್ಧ ಗಂಟೆ, "ಇವು ಕಾವ್ಯ, ಇಲ್ಲಿ ವಿರೋಧದ ಪ್ರಶ್ನೆ ಬರುವುದಿಲ್ಲ" ಎಂಬ ಒಂದು ಮಾತಿನಿಂದ ಮುಗಿತಾಯ. ಬರುವುದಿಲ್ಲವೇ? ಋಗ್ವೇದದ ಹತ್ತನೇ ಮಂಡಲದ 72ನೇ ಸೂಕ್ತದಲ್ಲಿ ಅದಿತಿಯಿಂದ ದಕ್ಷ ಹುಟ್ಟಿದ, ದಕ್ಷನಿಂದ ಅದಿತಿ ಹುಟ್ಟಿದಳು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಛಾಂದೋಗ್ಯ ಉಪನಿಷತ್ತಿನ ಮೂರನೇ ಅಧ್ಯಾಯದಲ್ಲಿ ಮೊದಲು ಇದು 'ಅಸತ್' (ಇಲ್ಲದ್ದು) ಆಗಿತ್ತು ಎಂದಿದೆ. ಅದೇ ಉಪನಿಷತ್ತಿನ ಆರನೇ ಅಧ್ಯಾಯದಲ್ಲಿ ಉದ್ದಾಲಕ ಮಗನಿಗೆ, ಅಸತ್ತಿನಿಂದ 'ಸತ್' (ಇರುವುದು) ಹೇಗಪ್ಪಾ ಹುಟ್ಟೀತು ಎಂದು ಕೇಳುತ್ತಾನೆ. ತೈತ್ತಿರೀಯ ಉಪನಿಷತ್ತಿನಲ್ಲಿ ಆಕಾಶದಿಂದ ಶುರು, ಛಾಂದೋಗ್ಯದಲ್ಲಿ ತೇಜಸ್ಸಿನಿಂದ. ಇದನ್ನು ಸುಮ್ನೆ ಬಿಟ್ಟವರಲ್ಲ ನಮ್ಮವರು, ಉಪನಿಷತ್ತುಗಳ ಮಾತುಗಳನ್ನು ಹೊಂದಿಸುವ ಬ್ರಹ್ಮಸೂತ್ರದಲ್ಲಿ ಆಕಾಶ ಹುಟ್ಟಿತೋ ಇಲ್ಲವೋ ಎಂಬುದಕ್ಕೇ ಒಂದು ಅಧಿಕರಣ, ಅಂದರೆ ಒಂದು ಇಡೀ ಚರ್ಚೆ, ಇದೆ. ಅದ್ವೈತದ ಹಳೆಯ ಆಚಾರ್ಯ ಗೌಡಪಾದರು ಇನ್ನೂ ಒಂದು ಹೆಜ್ಜೆ ಮುಂದೆ. ಮಣ್ಣು, ಲೋಹ, ಕಿಡಿ ಎಂದು ಬೇರೆ ಬೇರೆ ರೀತಿ ಸೃಷ್ಟಿ ಹೇಳಿರುವುದು ತಿಳುವಳಿಕೆಗೆ ಇಳಿಸುವ ಉಪಾಯ ಮಾತ್ರ ಎಂದುಬಿಟ್ಟರು. ಇಷ್ಟು ಸರಕು ಇಟ್ಟುಕೊಂಡು ಅರ್ಧ ಗಂಟೆಯಲ್ಲಿ ಅಂಗಡಿ ಮುಚ್ಚಿದ್ದಾರೆ.

ಎಂಟನೆಯದು ಹಿಂದಿನ ಪಾಠಗಳ ಪುನರಾವರ್ತನೆ. ಧ್ವನಿ ಚೆನ್ನಾಗಿದೆ. ಸಬ್‌ಟೈಟಲ್ ಮಾತ್ರ ಪ್ರತಿ ಹೀಬ್ರೂ ಹೆಸರನ್ನೂ ಹೊಸದಾಗಿ ಸೃಷ್ಟಿಸುತ್ತದೆ. ಪೆನ್ಸಿಲ್ ಹಿಡಿದು ಕೂರುವ ತಾಳ್ಮೆ ಇದ್ದರೆ ಎರಡು, ಮೂರು, ನಾಲ್ಕನೇ ಪಾಠ ಮತ್ತು ಆ ಪಿಡಿಎಫ್‌ಗಾಗಿ ಸೇರಬಹುದು. 'ಕೊನೆಗೆ ಯಾವುದು ಸರಿ' ಎಂದು ಕೇಳುವವರಿಗೆ ಇದು ಒಗ್ಗುವುದಿಲ್ಲ.

ಅಥವಾ ಒಗ್ಗುತ್ತದೇನೋ, ಏಕೆಂದರೆ ಕೊನೆಯಲ್ಲಿ ಕ್ವಿಜ್ ಇದೆ. ನಾಲ್ಕನೇ ಪ್ರಶ್ನೆ: ಆದಿಕಾಂಡದ ಪ್ರಕಾರ ಮೊದಲು ಆದದ್ದು ಪ್ರಾಣಿಗಳೋ ಮನುಷ್ಯನೋ? ಎರಡೇ ಆಯ್ಕೆ, ಎರಡೂ ಒತ್ತಲು ಬಿಡುವುದಿಲ್ಲ. ಮನುಷ್ಯ ಅಂತ ಒತ್ತಿದೆ, ಕೆಂಪು ಗುರುತು ಬಂತು. ಈಮೇಲ್ ಹಾಕಿದೆ. ಎರಡು ದಿನಕ್ಕೆ ಉತ್ತರ ಬಂತು: ಸರಿಯಾದ ಉತ್ತರ ಪ್ರಾಣಿಗಳು, ದಯವಿಟ್ಟು ಎರಡನೇ ಪಾಠವನ್ನು ಮತ್ತೊಮ್ಮೆ ನೋಡಿ. ನೋಡಿದೆ. ಅಲ್ಲಿ ಎರಡೂ ಇವೆ.