ಗಿಡದ ಅಕ್ವೇರಿಯಂ ಶಿಫ್ಟ್ ಮಾಡಿಸೋರು ದಯವಿಟ್ಟು ಓದಿ

ಮೂರು ವಾರ ಆಯ್ತು, ಇನ್ನೂ ಸಿಟ್ಟು ಇಳಿದಿಲ್ಲ. ವಿಜಯನಗರದಿಂದ ಯಲಹಂಕಕ್ಕೆ ಮನೆ ಬದಲಾಯಿಸಿದೆವು. ಗಾಜಿನ ಲೋಟ ಕೂಡ ಒಡೆಯದೆ ಬಂತು, ಹಾಳಾಗಿದ್ದು ನನ್ನ ಟ್ಯಾಂಕ್ ಒಂದೇ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಐದು ವರ್ಷ ಬೆಳೆಸಿದ ಗಿಡಗಳು, 40 ಕಾರ್ಡಿನಲ್ ಟೆಟ್ರಾ ಅನ್ನೋ ಪುಟ್ಟ ಮೀನುಗಳು.

ಪ್ಯಾಕರ್ಸ್‌ನವರು ಅಕ್ವೇರಿಯಂ ಮುಟ್ಟಲ್ಲ ಅಂದರು. ಅದಕ್ಕೆ ಮೀನಿನ ಅಂಗಡಿಯವರೊಬ್ಬರನ್ನು ಹಿಡಿದೆ. ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸಿಕೊಡೋಕೆ 9,000 ರೂಪಾಯಿ, 6,000 ಅಡ್ವಾನ್ಸ್. "ತಿಂಗಳಿಗೆ ಹತ್ತು ಟ್ಯಾಂಕ್ ಮಾಡ್ತೀವಿ ಮೇಡಂ, ನೀವು ಸುಮ್ನೆ ಕೂತ್ಕೊಳಿ" ಅಂದರು. ಸುಮ್ನೆ ಕೂತೆ. ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

ಬೆಳಿಗ್ಗೆ 9ಕ್ಕೆ ಬರಬೇಕಾದವರು ಮಧ್ಯಾಹ್ನ 1 ಗಂಟೆಗೆ ಬಂದರು. ಅವರಲ್ಲ, ಇಬ್ಬರು ಹುಡುಗರು. ಮೀನು ಸಾಗಿಸೋಕೆ ಆಕ್ಸಿಜನ್ ಇಲ್ಲ, ಥರ್ಮಾಕೋಲ್ ಡಬ್ಬ ಇಲ್ಲ. ಹಳೇ ನೀರು ತುಂಬೋಕೆ 20 ಲೀಟರ್ ಕ್ಯಾನ್ ಆರು ಎತ್ತಿಟ್ಟಿದ್ದೆ, "ಭಾರ ಆಗತ್ತೆ ಆಂಟಿ" ಅಂತ ನೀರೆಲ್ಲ ಮೋರಿಗೆ ಬಿಟ್ಟರು.

ಆಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಸದ್ದು ಕೇಳಿತು. ಓಡಿ ನೋಡಿದರೆ ಒಬ್ಬ ಟ್ಯಾಂಕ್ ನೀರು ಸೋಸೋ ಕ್ಯಾನಿಸ್ಟರ್ ಫಿಲ್ಟರ್ ಬಿಚ್ಚಿ, ಅದರ ಮೀಡಿಯಾ, ಅಂದರೆ ಒಳಗಿನ ಸೆರಾಮಿಕ್ ರಿಂಗ್‌ಗಳನ್ನು ಬಕೆಟ್ಟಿಗೆ ಸುರಿದು, ಅಕ್ಕಿ ತೊಳೆದ ಹಾಗೆ ತೊಳೆಯುತ್ತಿದ್ದಾನೆ! ಕಂದು ನೀರೆಲ್ಲ ಹರಿದು ರಿಂಗ್‌ಗಳು ಬೆಳ್ಳಗಾಗಿದ್ದವು. ಕ್ಲೋರಿನ್ ಹಾಕಿದ ಕಾವೇರಿ ನೀರು ಅದು. ಮೀನಿನ ಗಲೀಜಿನಿಂದ ಬರೋ ವಿಷ, ಅಮೋನಿಯಾ, ಅದನ್ನು ತಿನ್ನೋ ಬ್ಯಾಕ್ಟೀರಿಯಾ ಇರೋದೇ ಆ ಕಂದು ಲೋಳೆಯಲ್ಲಿ ಅಲ್ವಾ? "ಗಲೀಜಾಗಿತ್ತು ಆಂಟಿ, ಕ್ಲೀನ್ ಮಾಡಿದೆ" ಅಂತ ನಗುತ್ತಾನೆ. ನನಗೆ ಅಲ್ಲೇ ಗೊತ್ತಾಯ್ತು, ಮೋಸ ಹೋದೆ ಅಂತ. ಅಲ್ಲೇ ನಿಲ್ಲಿಸಬೇಕಿತ್ತು. ಹೊರಗೆ ಟೆಂಪೋ ನಿಂತಿತ್ತು, ಮನೆ ಓನರ್ ಕೀ ಕೇಳುತ್ತಿದ್ದರು, ನಿಲ್ಲಿಸಲಿಲ್ಲ.

ಒದ್ದೆ ಸಾಯಿಲ್, ಅಂದರೆ ತಳದಲ್ಲಿ ಹಾಕಿದ್ದ ಗಿಡದ ಮಣ್ಣು, ಒಳಗಿರುವಾಗಲೇ ಟ್ಯಾಂಕ್ ಎತ್ತಿದರು. ಖಾಲಿ ಗಾಜೇ ಎಂಬತ್ತು ಕೆಜಿ ಮೇಲೆ! ಸಾಯಿಲ್ ಎಲ್ಲ ಕಲಸಿಹೋಯ್ತು. ಹೊಸ ಮನೆಯಲ್ಲಿ ಪೈಪ್ ಹಿಡಿದು ಬೋರ್ ನೀರು ಬಿಟ್ಟರು, ಟೀ ಥರ ಆದ ಆ ನೀರಿಗೇ ರಾತ್ರಿ ಮೀನು ಬಿಟ್ಟು ಹೋದರು.

ಬೆಳಿಗ್ಗೆ ಎಲ್ಲ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅಮೋನಿಯಾ ಟೆಸ್ಟ್ ಕಿಟ್ ಕಡು ಹಸಿರು, ಅಂದರೆ ಅಮೋನಿಯಾ ವಿಪರೀತ. ಬೋರ್ ನೀರಿನ ಪಿಎಚ್ ಬೇರೆ ಜಾಸ್ತಿ, ಪಿಎಚ್ ಏರಿದಷ್ಟೂ ಅಮೋನಿಯಾ ಇನ್ನೂ ವಿಷ. ಮೂರು ದಿನದಲ್ಲಿ 29 ಟೆಟ್ರಾ ಸತ್ತವು.

ಅಂಗಡಿಯವರಿಗೆ ಫೋಟೋ ಕಳಿಸಿದೆ. "ಶಿಫ್ಟಿಂಗ್‌ನಲ್ಲಿ ಇದೆಲ್ಲ ಕಾಮನ್ ಮೇಡಂ." ಕಾಮನ್ ಅಂತೆ! ಆಮೇಲೆ, "ಬೋರ್ ನೀರು ಅಂತ ಮೊದಲೇ ಹೇಳಬೇಕಿತ್ತು." ಹೇಳಿದ್ದೆ, ಅದೇ ಚಾಟ್‌ನಲ್ಲಿ ಮೇಲೆ ಇದೆ, ಸ್ಕ್ರೀನ್‌ಶಾಟ್ ಹಾಕಿದೆ. ಅದಕ್ಕೆ ಉತ್ತರ: "ಹೊಸ ಸಾಯಿಲ್, ಹೊಸ ಮೀಡಿಯಾ ಹಾಕಿಸಿ, 7,500ಕ್ಕೆ ಮಾಡ್ಕೊಡ್ತೀನಿ." ಒಂದು ಸಾರಿ, ಒಂದೇ ಒಂದು ಸಾರಿ ಸಾರಿ ಅನ್ನಲಿಲ್ಲ.

ಯಾರಿಗಾದರೂ ಕೊಡೋ ಮುಂಚೆ ಫಿಲ್ಟರ್ ಮೀಡಿಯಾ ಏನು ಮಾಡ್ತೀರಿ ಅಂತ ಕೇಳಿ. ತೊಳೀತೀವಿ ಅಂದರೆ ಬಾಗಿಲಲ್ಲೇ ವಾಪಸ್ ಕಳಿಸಿ. ಅದನ್ನು ಟ್ಯಾಂಕ್ ನೀರಿನಲ್ಲೇ ಮುಳುಗಿಸಿ, ಬಕೆಟ್ಟಿನಲ್ಲಿ ನೀವೇ ಒಯ್ಯಿರಿ. ಸಾಯಿಲ್ ತೆಗೆದ ಮೇಲೇ ಟ್ಯಾಂಕ್ ಎತ್ತಿಸಿ. ಅಮೋನಿಯಾ ಸೊನ್ನೆ ಆಗೋವರೆಗೂ ಮೀನು ಬೇರೆ ಟಬ್‌ನಲ್ಲಿರಲಿ. ದುಡ್ಡು ಮಾತ್ರ ಮುಂಗಡ ಕೊಡಬೇಡಿ, ಕೊಡಲೇಬೇಡಿ.

ಉಳಿದ 11 ಟೆಟ್ರಾ ಈಗ ಬಟ್ಟೆ ನೆನೆಸೋ ಟಬ್‌ನಲ್ಲಿವೆ, ಏರ್ ಪಂಪ್ ಹಾಕಿದ್ದೀನಿ, ದಿನಾ ಅರ್ಧ ನೀರು ಬದಲಾಯಿಸುತ್ತಿದ್ದೀನಿ. ಬಾಕಿ 3,000 ಕೇಳಿ ನಿನ್ನೆ ಮತ್ತೆ ಮೆಸೇಜ್ ಬಂದಿದೆ. ಕೊಡಲ್ಲ.